ತೊಂಬತ್ತಾರು ಕಂತು, ಒಂದು ಡಿಗ್ರಿ

ನಾನು ಸುಟ್ಟುಹೋದ ಮೋಟಾರುಗಳಿಗೆ ಹೊಸದಾಗಿ ತಾಮ್ರದ ತಂತಿ ಸುತ್ತುವವನು. ಸುತ್ತು ಎಣಿಸುವಾಗ ಯಾರಾದರೂ ಮಾತನಾಡಿಸಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ಅದಕ್ಕೇ ಅಂಗಡಿಯಲ್ಲಿ ಒಂದು ಕಟ್ಟಳೆ: ನಾನು ಎಡಗೈ ಮೇಲೆತ್ತಿದರೆ, ಬಂದವರು ಯಾರೇ ಆಗಲಿ, ಬಾಯಿ ಮುಚ್ಚಿ ನಿಲ್ಲಬೇಕು. ಇದನ್ನು ಒಮ್ಮೆಯೂ ಮುರಿಯದವಳು ನನ್ನ ಮಗಳೊಬ್ಬಳೇ. ಚಿಕ್ಕಂದಿನಲ್ಲಿ ಶಾಲೆ ಬಿಟ್ಟೊಡನೆ ಬಂದು ಬೆಂಚಿನ ಕೆಳಗೆ ಕೂತು, ಬಾಟಲಿಯಲ್ಲಿ ಹಿಡಿದು ತಂದ ಗೊದಮೊಟ್ಟೆಗಳಿಗೆ ಕಾಲು ಮೂಡುವುದನ್ನೇ ನೋಡುತ್ತಿದ್ದಳು. ಪಕ್ಕದಂಗಡಿಯ ಬೀಗ ರಿಪೇರಿಯವನು ಅವಳಿಗೆ ಕಪ್ಪೆ ಡಾಕ್ಟರು ಎಂದು ಹೆಸರಿಟ್ಟ. ಅದೇ ನಿಂತುಬಿಟ್ಟಿತು.

ನಿಜವಾದ ಡಾಕ್ಟರಾಗುವಷ್ಟು ಅಂಕ ಅವಳಿಗೆ ಬರಲಿಲ್ಲ. ಬಂದಿದ್ದರೂ ಅಷ್ಟು ದುಡ್ಡು ನನ್ನಲ್ಲಿರಲಿಲ್ಲ. ಜೀವಶಾಸ್ತ್ರದಲ್ಲಿ ಡಿಗ್ರಿ ಮಾಡುತ್ತೇನೆ ಎಂದಳು. ನಾನು ಏಳನೇ ಕ್ಲಾಸಿಗೇ ಶಾಲೆಗೆ ಕೈಮುಗಿದವನು, ಓದಿದವರೆದುರು ಕೈಕಟ್ಟಿ ನಿಂತು ಸಾಕಾಗಿತ್ತು. ಬ್ಯಾಂಕಿನಲ್ಲಿ ನಾಲ್ಕು ಲಕ್ಷ ಇಪ್ಪತ್ತು ಸಾವಿರ ಸಾಲಕ್ಕೆ ಜಾಮೀನು ಹಾಕಿದೆ. "ಈ ಡಿಗ್ರಿಗೆ ಕೆಲಸ ಏನ್ ಸಿಗತ್ತೆ, ವಿಚಾರಿಸಿದೀರಾ?" ಎಂದು ಮ್ಯಾನೇಜರು ಕೇಳಿದಾಗ, "ನಿಮ್ಮ ಕೆಲಸ ಸಾಲ ಕೊಡೋದು, ಕೊಡಿ" ಎಂದು ಗದರಿದ್ದೆ. ಆತ ಕೇಳಿದ್ದು ಸರಿಯಾಗಿತ್ತು. ನಾನು ವಿಚಾರಿಸಿರಲಿಲ್ಲ.

ರಕ್ತ ಪರೀಕ್ಷೆಯ ಲ್ಯಾಬೊಂದರಲ್ಲಿ ಅವಳಿಗೆ ಕೆಲಸ ಸಿಕ್ಕಿತು. ಸಂಬಳ ಹದಿನಾರು ಸಾವಿರ. ಈ ತಿಂಗಳಿಂದ ಕಂತು ಶುರು, ಆರೂವರೆ ಸಾವಿರ. ಬಸ್ಸಿಗೆ ಒಂದೂವರೆ. ಬಡ್ಡಿಯೂ ಸೇರಿ ಸಾಲ ತೀರಲು ಎಂಟು ವರ್ಷ. ನನ್ನ ಬಳಿ ತಂತಿ ಸುತ್ತಲು ಕಲಿತವನೊಬ್ಬ, ನನ್ನಷ್ಟೂ ಓದದವನು, ಇವತ್ತು ಸ್ವಂತ ಅಂಗಡಿಯಿಟ್ಟು ತಿಂಗಳಿಗೆ ಇಪ್ಪತ್ತೈದು ದುಡಿಯುತ್ತಾನೆ. ಎದುರಾದಾಗಲೆಲ್ಲ "ಕಪ್ಪೆ ಡಾಕ್ಟರು ಚೆನ್ನಾಗಿದಾರಾ ಅಣ್ಣ?" ಎನ್ನುತ್ತಾನೆ. ಕೇಳುವುದರಲ್ಲಿ ತಪ್ಪೇನಿಲ್ಲ. ಆದರೂ ಅವನ ಹಲ್ಲು ಉದುರಿಸಬೇಕು ಅನ್ನಿಸುತ್ತದೆ.

ಕಳೆದ ವಾರ ಔಷಧಿ ಕಂಪನಿಯೊಂದು ಅವಳನ್ನು ಕರೆಯಿತು. ಡಾಕ್ಟರುಗಳ ಬಳಿ ಹೋಗಿ ತಮ್ಮ ಮಾತ್ರೆ, ಟಾನಿಕ್ಕುಗಳ ಗುಣಗಾನ ಮಾಡುವ ಕೆಲಸ. ಸಂಬಳ ಮೂವತ್ತನಾಲ್ಕು. ಕಂತು ಹೆಚ್ಚಿಸಿ ಕಟ್ಟಿದರೆ ಮೂರು ವರ್ಷಕ್ಕೆ ಸಾಲದಿಂದ ಬಿಡುಗಡೆ. ಉತ್ತರ ಹೇಳಲು ಸೋಮವಾರ ಸಂಜೆ ಐದರವರೆಗೆ ಗಡುವು.

ಸೋಮವಾರ ಬೆಳಿಗ್ಗೆ, ತಲೆ ಬಾಚುತ್ತಿದ್ದವಳನ್ನು ಕೇಳಿದೆ.

"ಏನ್ ಹೇಳ್ದೆ ಅವರಿಗೆ?"

"ಯೋಚ್ನೆ ಮಾಡ್ತಿದೀನಪ್ಪ."

"ಹದಿನಾರಕ್ಕೂ ಮೂವತ್ನಾಲ್ಕಕ್ಕೂ ಯೋಚ್ನೆ ಯಾಕೆ? ಸಣ್ಣ ಮಗೂನ ಕೇಳಿದ್ರೂ ಹೇಳತ್ತೆ."

"ಹಾಗಾದ್ರೆ ಆ ಮಗೂನೇ ಕೆಲಸಕ್ಕೆ ಕಳ್ಸು."

ಒಳಗಿಂದ ಅವಳಮ್ಮ ನಕ್ಕಳು. ನಾನು ಲೋಟ ಕುಕ್ಕಿ ಹೊರಟೆ.

ಹನ್ನೊಂದರ ಹೊತ್ತಿಗೆ ಕಂಪನಿಯ ಫೋನು ನನಗೇ ಬಂತು. ಕೆಲಸದ ಹೊತ್ತಿನಲ್ಲಿ ಮಗಳು ಫೋನು ಎತ್ತುವುದಿಲ್ಲ. ಅರ್ಜಿಯಲ್ಲಿ ಎರಡನೇ ನಂಬರು ನನ್ನದು. "ಸೇರ್ತಾರಾ ಸರ್?" ಎಂದಿತು ಒಂದು ಹೆಣ್ಣು ದನಿ.

"ಸೇರದೆ ಏನು? ಒಂದನೇ ತಾರೀಖಿಗೆ ಬರ್ತಾಳೆ, ಬರ್ಕೊಳ್ಳಿ" ಎಂದುಬಿಟ್ಟೆ.

ಆಮೇಲೆ ಕೂತಲ್ಲಿ ಕೂರಲಾಗಲಿಲ್ಲ. ಐವತ್ತೆರಡು ಸುತ್ತಿನ ಸುರುಳಿ. ನಲವತ್ತಾದ ಮೇಲೆ ಎಣಿಕೆ ತಪ್ಪಿತು. ನೀರು ಕುಡಿದೆ. ಹೊರಗೆ ಬಂದೆ, ಒಳಗೆ ಹೋದೆ, ಮತ್ತೆ ಹೊರಗೆ ಬಂದೆ.

"ಏನಣ್ಣ, ಕಾಲಿಗೆ ಕರೆಂಟ್ ಹೊಡೀತಾ?" ಎಂದ ಬೀಗದವನು.

ಅವನಿಗೊಂದಿಷ್ಟು ಬೈದು, ಷಟರು ಅರ್ಧ ಇಳಿಸಿ, ಲ್ಯಾಬಿಗೆ ಹೊರಟೆ. ಮಗಳನ್ನು ಒಪ್ಪಿಸಿಯೇ ಬರಬೇಕು. ಒಪ್ಪದಿದ್ದರೆ ಲ್ಯಾಬಿನ ಯಜಮಾನನಿಗೆ ಸಂಬಳದ ವಿಷಯವಾಗಿ ನಾಲ್ಕು ಮಾತು ಬಿಗಿಯಬೇಕು.

ಸ್ಪಿರಿಟ್ಟು ನಾರುವ ಕಿರಿದಾದ ಕೋಣೆ. ಕಿಟಕಿಯ ಬಳಿ ಸ್ಟೂಲಿನ ಮೇಲೆ ಕೂತು ಅವಳು ಮೈಕ್ರೋಸ್ಕೋಪಿಗೆ ಕಣ್ಣಿಟ್ಟಿದ್ದಳು. "ಕೇಳಿಲ್ಲಿ" ಎಂದೆ. ತಿರುಗಲಿಲ್ಲ. ಎಡಗೈ ಮೇಲೆತ್ತಿದಳು.

ನನ್ನ ಬಾಯಿ ತಾನಾಗಿಯೇ ಮುಚ್ಚಿತು.

ಬಾಗಿಲಲ್ಲಿ ನಿಂತೆ. ಬೆಂಚಿನ ಮೇಲೆ ಗಂಡನ ಪಕ್ಕ ಕೂತಿದ್ದ ಹೆಂಗಸೊಬ್ಬರು ಪಿಸುದನಿಯಲ್ಲಿ ಹೇಳಿದರು: "ನಾಳೆ ನಮ್ಮೆಜಮಾನ್ರಿಗೆ ಆಪರೇಷನ್ ಇತ್ತು. ಪ್ಲೇಟ್‌ಲೆಟ್ ತುಂಬಾ ಕಡಿಮೆ ಇದೆ, ಮಾಡಕ್ಕಾಗಲ್ಲ ಅಂತ ಮೆಷಿನ್ನಲ್ಲಿ ಬಂದಿದೆ. ಈ ಮೇಡಂ ಮಾತ್ರ, ತಾಳಿ, ನಾನೇ ನೋಡ್ತೀನಿ ಅಂದ್ರು."

ಬಹಳ ಹೊತ್ತಿನ ಮೇಲೆ ಮಗಳು ತಲೆಯೆತ್ತಿದಳು. "ಹೆದರ್ಬೇಡಿ ಅಮ್ಮ. ಪ್ಲೇಟ್‌ಲೆಟ್‌ಗಳು ಒಂದಕ್ಕೊಂದು ಅಂಟ್ಕೊಂಡಿವೆ, ಅದಕ್ಕೆ ಮೆಷಿನ್ನು ಸರಿಯಾಗಿ ಎಣಿಸಿಲ್ಲ. ಬೇರೆ ಟ್ಯೂಬಲ್ಲಿ ಇನ್ನೊಂದ್ಸಲ ರಕ್ತ ತಗೊಳ್ಳೋಣ. ಡಾಕ್ಟರಿಗೆ ನಾನೇ ಹೇಳ್ತೀನಿ." ನನ್ನನ್ನು ಕರೆದು, "ನೋಡು ಬಾ" ಎಂದಳು.

ಬಗ್ಗಿ ನೋಡಿದೆ. ನೇರಳೆ ಬಣ್ಣದ ಪುಡಿ, ಅಲ್ಲಲ್ಲಿ ಗಂಟುಗಂಟು.

"ಎರಡೆಳೆ ಕೂಡಿಸಿ ಸುತ್ತಿ, ಒಂದೇ ಎಳೆ ಅಂತ ಲೆಕ್ಕ ಹಿಡಿದ ಹಾಗೆ" ಎಂದೆ.

"ಅದೇ. ಈಗ ಹೇಳು, ಯಾಕ್ ಬಂದೆ?"

ಹೇಳಿದೆ. ಅವಳ ಮುಖ ಬಿಗಿಯಿತು.

"ನನ್ನ ಕೇಳ್ದೆ ಹೂಂ ಅಂದ್ಬಿಟ್ಯಾ?"

"ಎಂಟು ವರ್ಷ ಕಣೇ! ತೊಂಬತ್ತಾರು ಕಂತು!"

"ಕಟ್ಟೋಳು ನಾನು."

"ಜಾಮೀನು ನಾನು!"

ಬೆಂಚಿನ ಮೇಲಿದ್ದ ಹೆಂಗಸು ಬೇರೆಲ್ಲೋ ನೋಡತೊಡಗಿದರು. ಮಗಳು ದನಿ ತಗ್ಗಿಸಿದಳು. "ಲೆಕ್ಕ ನಂಗೂ ಬರತ್ತಪ್ಪ. ರಾತ್ರಿಯೆಲ್ಲ ಅದನ್ನೇ ಹಾಕಿದೀನಿ. ಮೂರು ವರ್ಷ ಬ್ಯಾಗ್ ಹಿಡ್ಕೊಂಡು ಓಡಾಡಿದ್ರೆ ಈ ಕೆಲಸ ಕೈಬಿಟ್ಟು ಹೋಗತ್ತೆ. ಆಮೇಲೆ ಈ ಸ್ಟೂಲ್ ಮೇಲೆ ಯಾರೂ ಕೂರ್ಸಲ್ಲ. ನೀನಾದ್ರೆ ಮೂರು ವರ್ಷ ತಂತಿ ಮುಟ್ದೆ ಇರ್ತೀಯಾ?"

"ಮೂವತ್ನಾಲ್ಕು ಕೊಟ್ರೆ ಇರ್ತೀನಿ."

ಸುಳ್ಳೆಂದು ಅವಳಿಗೂ ಗೊತ್ತಿತ್ತು. "ಐದು ಗಂಟೆ ಒಳಗೆ ಅವರಿಗೆ ಫೋನ್ ಮಾಡು. ನೀನು ಸುತ್ತಿದ್ದು, ನೀನೇ ಬಿಚ್ಚು" ಎಂದು ಸಿರಿಂಜು ಕೈಗೆತ್ತಿಕೊಂಡಳು. ಲ್ಯಾಬಿನ ಯಜಮಾನನಿಗೆ ಹೇಳಬೇಕೆಂದಿದ್ದ ನಾಲ್ಕು ಮಾತೂ ನನಗೆ ಮರೆತುಹೋಗಿದ್ದವು.

ಅಂಗಡಿಗೆ ಬಂದು, ಎಣಿಕೆ ತಪ್ಪಿದ ಸುರುಳಿಯನ್ನು ಪೂರ್ತಿ ಬಿಚ್ಚಿ ಎಸೆದೆ. ನಾಲ್ಕೂ ಮುಕ್ಕಾಲಿಗೆ ಫೋನು ಮಾಡಿದೆ. "ನಮ್ಮ ಹುಡುಗಿ ಬರಲ್ಲಮ್ಮ. ಅವಳನ್ನ ಕೇಳ್ದೆ ನಾನೇ ಬಾಯಿ ಹಾಕಿದ್ದೆ."

"ಸಂಬಳ ಇನ್ನೆರಡು ಸಾವಿರ ಜಾಸ್ತಿ ಮಾಡಬಹುದು ಸರ್" ಎಂದಿತು ಆ ದನಿ.

ಮೂವತ್ತಾರು. ಫೋನಿನವಳು ಇನ್ನೊಂದು ಅಂಕಿ ಹೇಳಿಬಿಟ್ಟರೆ ನನ್ನ ಮೇಲೆ ನನಗೇ ನಂಬಿಕೆಯಿರಲಿಲ್ಲ. "ಬೇಡಮ್ಮ" ಎಂದು ಕಟ್ ಮಾಡಿದೆ.

ಹೊಸ ತಂತಿ ಎಳೆದು ಒಂದರಿಂದ ಶುರು ಮಾಡಿದೆ. ಬೀಗದವನು ಇಣುಕಿ, "ಏನಾಯ್ತಣ್ಣ? ಕಪ್ಪೆ ಡಾಕ್ಟರು ಏನಂದ್ರು?" ಎಂದ. ಎಡಗೈ ಎತ್ತಿದೆ. ಎಣಿಕೆ ಹದಿನೇಳಕ್ಕೆ ಬಂದಿತ್ತು. ತಲೆಯೊಳಗೆ ಮಾತ್ರ ತೊಂಬತ್ತಾರೇ ಕುಣಿಯುತ್ತಿತ್ತು.