ದೇವರ ಗೂಡಿನಲ್ಲಿ ಅಕ್ಕನ ಸರಸ್ವತಿ

ನಾನು ಚಿಕ್ಕವಳಿದ್ದಾಗ ಅರಸೀಕೆರೆಯ ನಮ್ಮ ಮನೆಯ ಕೊಬ್ಬರಿ ಕೋಣೆಯಲ್ಲಿ ದೇವರುಗಳು ಒಗೆದ ಬಟ್ಟೆಯ ಹಾಗೆ ಹಗ್ಗಕ್ಕೆ ನೇತಾಡುತ್ತಿದ್ದರು. ನಗಬೇಡಿ ಮಕ್ಕಳೇ, ನಿಜ! ನಮ್ಮ ಅಕ್ಕ ಹಳೇಬೀಡಿನ ಮ್ಯೂಸಿಯಮ್ಮಿನ ಶಿಲ್ಪಗಳನ್ನೆಲ್ಲ ಒಂದೊಂದಾಗಿ ಫೋಟೋ ತೆಗೆಯುವ ಕೆಲಸ ಹಿಡಿದಿದ್ದಳು. ಹೆಂಗಸೊಬ್ಬಳು ಕ್ಯಾಮೆರಾ ಹೆಗಲಿಗೇರಿಸಿ ಬಸ್ಸು ಹತ್ತಿದರೆ ಊರೇ ತಿರುಗಿ ನೋಡುತ್ತಿದ್ದ ಕಾಲ ಅದು. ಸಂಜೆ ಬಂದವಳೇ ಕಿಟಕಿಗೆ ಕಂಬಳಿ ಕಟ್ಟಿ, ಕತ್ತಲೆಯಲ್ಲಿ ಫೋಟೋ ತೊಳೆದು ಒಣಹಾಕುತ್ತಿದ್ದಳು. ಔಷಧದ ಹುಳಿ ವಾಸನೆ, ಕೊಬ್ಬರಿಯ ಸಿಹಿ ವಾಸನೆ ಎರಡೂ ಅವಳ ಸೆರಗಿಗೆ ಅಂಟಿರುತ್ತಿದ್ದವು. ನಮಗೆ ಅಮ್ಮ ಇರಲಿಲ್ಲ. ಆ ಸೆರಗು ಹಿಡಿದರೇ ನನಗೆ ನಿದ್ದೆ ಬರುತ್ತಿತ್ತು.

ಒಂದು ಬೆಳಿಗ್ಗೆ ನೋಡಿದರೆ ಸರಸ್ವತಿಯ ಫೋಟೋ ಒಣಗಿತ್ತು. ಒಂದು ಕೈ ಮುರಿದಿತ್ತು, ಮೂಗೂ ಮುಕ್ಕಾಗಿತ್ತು, ಆದರೂ ಎಷ್ಟು ಚೆನ್ನಾಗಿ ನಗುತ್ತಿದ್ದಳು! ಅಂದು ನನಗೆ ಲೆಕ್ಕದ ಪರೀಕ್ಷೆ. ಅಕ್ಕ ಸ್ನಾನಕ್ಕೆ ಹೋದಾಗ ಫೋಟೋವನ್ನು ದೇವರ ಗೂಡಿನಲ್ಲಿಟ್ಟು, ಕುಂಕುಮ ಹಚ್ಚಿ, ಕಣಗಿಲೆ ಹೂವಿಟ್ಟು ಕೈ ಮುಗಿದೆ.

ಅಪ್ಪ ವಿಭೂತಿ ಹಚ್ಚಿಕೊಂಡು ಪೂಜೆಗೆ ಬಂದರು. ಮುಕ್ಕಾದ ವಿಗ್ರಹವನ್ನು ಪೂಜಿಸಬಾರದು, ಮನೆಯಲ್ಲಿ ಇಡಲೂಬಾರದು ಎಂಬ ನಂಬಿಕೆ ಅವರದು. ನನಗೇನು ಗೊತ್ತು?

"ಏನೇ ಇದು? ಕೈ ಮುರ್ದಿರೋ ದೇವ್ರನ್ನ ತಂದು ಇಲ್ಲಿಟ್ಟಿದೀಯ!" ಎಂದು ಅಕ್ಕನ ಮೇಲೆ ಕೂಗಾಡಿದರು. "ಇವೊಂದೂ ಈ ಮನೇಲಿ ಇರಕೂಡ್ದು ಕಣೇ!"

ಅಕ್ಕ ಒದ್ದೆ ಕೂದಲಲ್ಲೇ ನಿಂತಿದ್ದಳು. ಫೋಟೋದ ಕುಂಕುಮ ನೋಡಿದಳು, ನನ್ನ ಕೆಂಪು ಬೆರಳು ನೋಡಿದಳು. ನನ್ನ ಹೆಸರು ಎತ್ತಲಿಲ್ಲ.

"ಇದು ನನ್ನ ಕೆಲ್ಸ ಕಣಪ್ಪಾ. ಇವು ಹೋದ್ರೆ ನಾನೂ ಹೋಗ್ಬೇಕಾಯ್ತದೆ" ಎಂದಳು.

"ಹೋಗು" ಅಂದುಬಿಟ್ಟರು ಅಪ್ಪ.

ಇಟ್ಟವಳು ನಾನು ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಹೆದರಿ ನುಂಗಿಕೊಂಡೆ.

ಶಾಲೆಯಿಂದ ಬರುವಷ್ಟರಲ್ಲಿ ಹಗ್ಗ ಖಾಲಿಯಾಗಿತ್ತು. ಅಕ್ಕ ಹಳೇಬೀಡಿನ ಪಕ್ಕದ ಬಸ್ತಿಹಳ್ಳಿಯಲ್ಲಿ ಕೋಣೆ ಹಿಡಿದಳು. ಆಮೇಲೆ ಹಬ್ಬಕ್ಕೆ ಬಂದರೂ ಸಂಜೆಯೇ ಹೊರಟುಬಿಡುತ್ತಿದ್ದಳು. ಅಷ್ಟು ದೊಡ್ಡ ಮನೆಯಲ್ಲಿ ನನ್ನ ಜೊತೆ ಮಾತಾಡುವವರೇ ಇರಲಿಲ್ಲ. ಕೊಬ್ಬರಿ ರಾಶಿಯ ಹಿಂದೆ ಕೂತು ಬಹಳ ದಿನ ಅತ್ತೆ.

ಮೊನ್ನೆ ನೀವು ಮೊಮ್ಮಕ್ಕಳೆಲ್ಲ ಹಳೇಬೀಡಿಗೆ ಹೋಗಿ, ಮೂಗು ಮುರಿದ ದೇವಿಯ ಪಕ್ಕ ನಿಂತು ಮೊಬೈಲಿನಲ್ಲಿ ಫೋಟೋ ಹೊಡೆದುಕೊಂಡು ಬಂದಿರಿ. ನಿಮ್ಮ ಅಪ್ಪ ಅದನ್ನು ಹಜಾರದ ಗೋಡೆಗೇ ಹಾಕಿದ. ನಿನ್ನೆ ಹೂದಾನಿ ಒಡೆದಾಗಲೂ "ನಾವೇ ಒಡೆದಿದ್ದು ಕಣಪ್ಪಾ" ಎಂದು ಅವನ ಎದುರೇ ಹೇಳಿದಿರಿ. ಎಷ್ಟು ಸಲೀಸು ನಿಮಗೆ! ನನ್ನ ಅಪ್ಪ ತೀರಿಕೊಂಡರು, ಅಕ್ಕನೂ ತೀರಿಕೊಂಡಳು. ಅಂದು ಆ ಫೋಟೋ ಇಟ್ಟವಳು ನಾನು ಎಂದು ಬಾಯಿಬಿಟ್ಟು ಹೇಳುತ್ತಿರುವುದು ಇವತ್ತೇ ಮೊದಲು.