ಮುಕ್ಕಾಲು ಗಂಟೆಯ ವಿಮಾನ, ದೇವರ ಮರದ ಗೊನೆ

ಭಕ್ತ ಬಂಧುಗಳೇ, ನನ್ನ ಸಿಟ್ಟು ಇನ್ನೂ ಪೂರ್ತಿ ಇಳಿದಿಲ್ಲ. ಅದನ್ನು ಮುಚ್ಚಿಟ್ಟು ಬರೆದರೆ ಮಾಲೇಕಲ್ಲು ಬೆಟ್ಟದ ವೆಂಕಟರಮಣನಿಗೇ ಸುಳ್ಳು ಹೇಳಿದಂತಾಗುತ್ತೆ. ಅದಕ್ಕೇ ಇದ್ದದ್ದನ್ನು ಇದ್ದ ಹಾಗೆ ಬರೆಯುತ್ತಿದ್ದೇನೆ.

ಹೋದ ಶ್ರಾವಣದ ಎರಡನೇ ಶನಿವಾರ, ಬೆಳಗ್ಗೆ ಆರಕ್ಕೆ ಹುಬ್ಬಳ್ಳಿಯಿಂದ ಅಳಿಯಂದಿರ ಫೋನು. ಎಂಟು ತಿಂಗಳ ಬಸುರಿ ಮಗಳು ಸುಮಾಗೆ ಬಿಪಿ ಏರಿದೆ, ಮೂರು ಗಂಟೆಗೆ ಆಪರೇಷನ್. "ಅಮ್ಮ ಬರದೆ ಒಳಗೆ ಹೋಗಲ್ಲ ಅಂತ ಹಟ ಹಿಡಿದಿದ್ದಾಳೆ," ಅಂದರು. ಅವಳ ಮೊದಲ ಮಗು ಹೊಟ್ಟೆಯಲ್ಲೇ ಹೋದಾಗ ನಾನು ಪಕ್ಕದಲ್ಲಿರಲಿಲ್ಲ. ಆ ಹಟ ಯಾಕೆ ಅಂತ ನನಗೆ ಗೊತ್ತಿತ್ತು.

ಅರಸೀಕೆರೆಗೆ ಹೋಗಿ ರೈಲು ಹತ್ತುತ್ತೇನೆ ಎಂದೆ. ಮೈದುನ ನಾಗರಾಜ ಬಿಡಬೇಕಲ್ಲ. "ಯಾವ ಕಾಲದಲ್ಲಿದ್ದೀರ ಅತ್ತಿಗೆ? ಶಿವಮೊಗ್ಗದಿಂದ ಹುಬ್ಬಳ್ಳಿಗೆ ವಿಮಾನದಲ್ಲಿ ಮುಕ್ಕಾಲು ಗಂಟೆ. ದೂರ, ಟೈಮು ಎಲ್ಲಾ ಇಲ್ಲೇ ಬರೆದೈತೆ," ಅಂತ ಮೊಬೈಲನ್ನು ಮುಖಕ್ಕೆ ಹಿಡಿದ. ಟಿಕೆಟ್ ಯಾವಾಗ ತಗೊಳ್ಳೋದು ಅಂದರೆ, ಅಲ್ಲೇ ಕೊಡ್ತಾರೆ ಅಂದ. ನಮ್ಮೂರು ಕಣಕಟ್ಟೆಯಿಂದ ಕಾರಿನಲ್ಲಿ ಕರೆತಂದು ಶಿವಮೊಗ್ಗದ ವಿಮಾನ ನಿಲ್ದಾಣದ ಗೇಟಿನಲ್ಲಿ ಇಳಿಸಿ, ಯಾವುದೋ ಮದುವೆಗೆ ಹೊತ್ತಾಯಿತು ಅಂತ ಹೊರಟೇಬಿಟ್ಟ.

"ಹುಬ್ಬಳ್ಳಿಗೆ ಇಲ್ಲಿಂದ ವಿಮಾನವೇ ಇಲ್ಲಮ್ಮ," ಅಂದ ಗೇಟಿನವನು.

"ಮುಕ್ಕಾಲು ಗಂಟೆ ಅಂತ ಬರೆದಿದೆಯಲ್ಲಪ್ಪ?"

"ಅದು ಎರಡು ನಿಲ್ದಾಣದ ನಡುವಿನ ಲೆಕ್ಕ ಅಷ್ಟೇ. ಹಾರಿದರೆ ಇಷ್ಟು ಹೊತ್ತು ಅಂತ."

ಮೈಯೆಲ್ಲ ಉರಿದುಹೋಯಿತು. ನಾಗರಾಜನ ಫೋನು ಸ್ವಿಚ್ ಆಫ್. ಆಟೋ ಹಿಡಿದು ಶಿವಮೊಗ್ಗ ಬಸ್ ಸ್ಟ್ಯಾಂಡಿಗೆ ಬಂದರೆ ಹುಬ್ಬಳ್ಳಿ ಬಸ್ಸು ಆಗತಾನೇ ಹೋಗಿತ್ತು. ಮುಂದಿನದು ಹತ್ತಿದರೆ ಮೂರರೊಳಗೆ ಮುಟ್ಟಲ್ಲ ಅಂದರು. ರಸ್ತೆ ಬದಿಯಲ್ಲಿ ನಿಂತು ದೇವರನ್ನೇ ಬೈದೆ. "ನಿನಗೆ ಅಂತ ತೋಟದಲ್ಲಿ ಒಂದು ತೆಂಗಿನ ಮರ ಬಿಟ್ಟಿದ್ದೇವೆ. ಅದರ ಒಂದು ಕಾಯಿ ನಮ್ಮ ಅಡಿಗೆಮನೆ ಕಂಡಿಲ್ಲ. ನನ್ನ ಮಗಳಿಗೆ ಏನಾದರೂ ಆದರೆ ನಿನ್ನ ಬೆಟ್ಟದ ಮೆಟ್ಟಿಲು ತುಳಿಯಲ್ಲ," ಅಂದೆ. ಜನ ನೋಡುತ್ತಿದ್ದರು, ನೋಡಲಿ ಅಂತ ಅಳುತ್ತಲೇ ಇದ್ದೆ.

ಆಗ ಎಳನೀರಿನ ಗಾಡಿಯೊಂದು ಪಕ್ಕದಲ್ಲಿ ಬಂದು ನಿಂತಿತು. ಡ್ರೈವರನ್ನು ನೋಡಿ ಮುಖ ತಿರುಗಿಸಿದೆ. ಅವನು ನಮ್ಮ ಕಡೆಯ ರಂಗಸ್ವಾಮಿ. ತಿಂಗಳ ಹಿಂದೆ ನಮ್ಮ ತೋಟದಲ್ಲಿ ಎಳನೀರು ಇಳಿಸುವಾಗ ಗೊತ್ತಿಲ್ಲದೆ ದೇವರ ಮರದ ಗೊನೆಯನ್ನೇ ಕಡಿದಿದ್ದ. ಬಾಯಿಗೆ ಬಂದ ಹಾಗೆ ಬೈದು, ಇನ್ನು ತೋಟಕ್ಕೆ ಕಾಲಿಡಬೇಡ ಅಂತ ಓಡಿಸಿದ್ದೆ.

"ಯಾಕಮ್ಮ ಇಲ್ಲಿ ನಿಂತಿದ್ದೀರ?" ಅಂತ ಅವನೇ ಕೇಳಿದ. ಹೇಳಿದೆ. "ಅರ್ಧ ಲೋಡು ಇಲ್ಲಿ ಇಳಿಸಿದೆ, ಮಿಕ್ಕಿದ್ದು ಹುಬ್ಬಳ್ಳಿಗೇ ಹೋಗ್ಬೇಕು. ಹತ್ತಿ," ಅಂದ.

ದಾರಿಯಲ್ಲಿ ಟೀಗೂ ನಿಲ್ಲಿಸಲಿಲ್ಲ. ಬಹಳ ದೂರ ಹೋದ ಮೇಲೆ ಮೆಲ್ಲಗೆ ಹೇಳಿದ, "ಆ ಗೊನೆ ನಾನು ಮಾರಲಿಲ್ಲ ಕಣಮ್ಮ. ಅವತ್ತೇ ಮಾಲೇಕಲ್ಲು ಹತ್ತಿ ಸ್ವಾಮಿಗೆ ಒಪ್ಪಿಸಿ ಬಂದೆ. ಹೇಳಕ್ಕೆ ನೀವು ಬಿಡಲಿಲ್ಲ."

ಅಷ್ಟು ಹೊತ್ತು ಎಲ್ಲರ ಮೇಲೂ ಇದ್ದ ಸಿಟ್ಟು ನನ್ನ ಮೇಲೇ ತಿರುಗಿತು.

ಎರಡೂವರೆಗೆ ಆಸ್ಪತ್ರೆ ಮುಂದೆ ಇಳಿಸಿದ. ಸುಮಾ ನನ್ನ ಕೈ ಒಂದು ಸಲ ಹಿಡಿದು, "ಬಂದೆಯಾ ಅಮ್ಮ," ಅಂದು ಒಳಗೆ ಹೋದಳು. ನಾಲ್ಕರ ಹೊತ್ತಿಗೆ ಮೊಮ್ಮಗಳ ಅಳು ಕೇಳಿಸಿತು. ತಾಯಿ ಮಗು ಇಬ್ಬರೂ ಚೆನ್ನಾಗಿದ್ದಾರೆ.

ಸ್ವಾಮಿಯನ್ನು ಬೈದದ್ದಕ್ಕೆ ತಪ್ಪು ಕಾಣಿಕೆ ಕಟ್ಟಿದ್ದೇನೆ. ಬೈದರೂ ಅವನು ಕೈಬಿಡುವವನಲ್ಲ ಅಂತ ಈಗ ಗಟ್ಟಿಯಾಗಿ ನಂಬಿದ್ದೇನೆ. ನಾಗರಾಜನ ಮೇಲಿನ ಸಿಟ್ಟು ಬೇರೆ, ಅದು ಹಾಗೇ ಇರಲಿ. ಶ್ರಾವಣದ ಕೊನೆಯ ಶನಿವಾರ ರಂಗಸ್ವಾಮಿಯನ್ನು ತೋಟಕ್ಕೆ ಕರೆಸಿ ದೇವರ ಮರದ ಬುಡದಲ್ಲಿ ನಿಲ್ಲಿಸಿದೆ. "ಹತ್ತಪ್ಪ, ಗೊನೆ ಇಳಿಸು. ಬೆಟ್ಟಕ್ಕೆ ಇಬ್ಬರೂ ಹೋಗೋಣ," ಅಂದೆ.