ಆರನೆಯ ಕಂಡಿ ಒಂದು ಬೆರಳು ಮೇಲೆ

“ಇವತ್ತು ಯಾರ ಮೇಲೆ ಸಿಟ್ಟು ನಿಂಗೆ?”

ಬಾವಿಯ ಕಟ್ಟೆಗೆ ಎದೆಯಾನಿಸಿ, ಬಗ್ಗಿ, ಥಾವರಿ ಬಾಯಿ ಕೇಳುತ್ತಾರೆ. ಒಳಗೆ ಯಾರೂ ಇಲ್ಲ. ಎಂಬತ್ತಡಿ ಕೆಳಗಿನ ಕತ್ತಲಲ್ಲಿ ಗುಡ್ಡದ ನೀರು ಊರ ಕಡೆಗೆ ತನ್ನ ಪಾಡಿಗೆ ಹರಿಯುತ್ತಿದೆ. ಅವರು ಕಣ್ಣು ಮುಚ್ಚಿ ಕಿವಿಗೊಡುತ್ತಾರೆ. ಜೇಠ ಮಾಸದ ಬೇಸಿಗೆ ಬೆಳಗು; ಖಾನ್‌ಸರಾಯ್ ಇನ್ನೂ ಎದ್ದಿಲ್ಲ, ತಾಪಿ ನದಿಯಿಂದ ಬರುವ ಗಾಳಿಗೆ ಇನ್ನೂ ಬಿಸಿ ಹತ್ತಿಲ್ಲ.

“ಗುಳುಗುಳು ಅಂದ್ರೆ ಸಿಟ್ಟು ಬಂದೈತೆ ಅಂತ. ಎಲ್ಲೋ ಸುಣ್ಣ ಕಟ್ಕೊಂಡಿರ್ತದೆ. ಸಮಾಧಾನವಾಗಿದ್ರೆ ಸದ್ದೇ ಮಾಡಲ್ಲ,” ಎನ್ನುತ್ತ ಸೀರೆಗೆ ಕಚ್ಚೆ ಹಾಕಿ, ಚಪ್ಪಟೆ ಉಳಿಯನ್ನು ನಡುವಿಗೆ ಸಿಕ್ಕಿಸಿ ಐವತ್ತೆಂಟರ ಈ ಭಿಲ್ಲರ ಹೆಂಗಸು ಕಬ್ಬಿಣದ ಮೆಟ್ಟಿಲಿಗೆ ಕಾಲಿಡುತ್ತಾರೆ. ಮೆಟ್ಟಿಲು ಅರವತ್ತೊಂದು. ಇಳಿಯುತ್ತ ಗಟ್ಟಿಯಾಗಿ ಎಣಿಸುತ್ತಾರೆ. ಪದ್ಯ ಓದುವವರು ಯತಿ ಬಂದಲ್ಲಿ ಉಸಿರು ಹಿಡಿಯುವಂತೆ, ಪ್ರತಿ ಹತ್ತಕ್ಕೊಮ್ಮೆ ನಿಂತು. ಮೂವತ್ತರ ಹೊತ್ತಿಗೆ ಎಣಿಸುವವರು ಕಾಣುವುದಿಲ್ಲ. ಅರವತ್ತೊಂದಕ್ಕೆ ದನಿ ಮಾತ್ರ ಮೇಲೆ ಬರುತ್ತದೆ, ಅದೂ ನೀರಿನದೋ ಅವರದೋ ತಿಳಿಯದ ಹಾಗೆ.

ಗುಡ್ಡದಿಂದ ಊರಿಗೆ ಮೂರು ಕಿಲೋಮೀಟರ್ ಸುರಂಗ, ಅದರ ಮೇಲೆ ಸಾಲಾಗಿ ನಲವತ್ತಮೂರು ಬಾವಿ. ಬಾದಶಹರ ಕಾಲದಲ್ಲಿ ತೋಡಿದ್ದು. ದಿನಕ್ಕೊಂದು ಬಾವಿ ಇಳಿದು, ಗೋಡೆಗೆ ಕಟ್ಟಿದ ಸುಣ್ಣದ ಹೊಪ್ಪಳೆಯನ್ನು ಉಳಿಯಿಂದ ಕೆರೆದು, ಬುಟ್ಟಿ ತುಂಬಿ ಹಗ್ಗಕ್ಕೆ ಕಟ್ಟಿ ಎಳೆಯಬೇಕು. ನಲವತ್ತಮೂರನೆಯದು ಮುಗಿಯುವಷ್ಟರಲ್ಲಿ ಮೊದಲನೆಯದರಲ್ಲಿ ಮತ್ತೆ ಸುಣ್ಣ ಕೂತಿರುತ್ತದೆ. ಗಂಡ ನಾನ್‌ಸಿಂಗ್ ಜ್ವರದಲ್ಲಿ ತೀರಿಕೊಂಡ ಮೇಲೆ ಇಪ್ಪತ್ತೇಳು ವರ್ಷ, ಮಳೆಗಾಲ ಬಿಟ್ಟು, ನೂರೈವತ್ತಕ್ಕೂ ಹೆಚ್ಚು ಸುತ್ತು. ನಾನು ಈ ಊರಿನಲ್ಲಿ ಹತ್ತೊಂಬತ್ತು ವರ್ಷ ಈ ನೀರನ್ನೇ ಕುಡಿದು ಪೂಜೆಗೂ ಎತ್ತಿಟ್ಟಿದ್ದೇನೆ. ಯಾರು ತರುತ್ತಾರೆ ಎಂದು ಒಮ್ಮೆಯೂ ಕೇಳಿರಲಿಲ್ಲ.

ಎಂಟು ಗಂಟೆಗೆ ಬಾವಿಯಿಂದ ಬಂದವರು ಮೈ ಒರೆಸಿಕೊಂಡು, ಜೋಳದ ರೊಟ್ಟಿಗೆ ಹಸಿಮೆಣಸಿನ ಚಟ್ನಿ ಸವರಿ ತಿಂದು, ಹಂಚಿಕೆ ತೊಟ್ಟಿಯ ಬಾಗಿಲು ತೆಗೆಯುತ್ತಾರೆ. ಸುರಂಗದ ನೀರೆಲ್ಲ ಈ ಕಲ್ಲುತೊಟ್ಟಿಗೆ ಬಂದು ಬೀಳುತ್ತದೆ. ಎದುರಿನ ಗೋಡೆಯಲ್ಲಿ ಆರು ಕಂಡಿ. ಐದು ಒಂದೇ ಸಾಲಿನಲ್ಲಿ, ಒಂದೇ ಅಳತೆಯಲ್ಲಿವೆ: ಜುಮ್ಮಾ ಮಸೀದಿ ಕೇರಿಗೆ, ಘಾಟಿನ ಗುಡಿಯ ಕೇರಿಗೆ, ಬೋಹ್ರಾ ಕೇರಿಗೆ, ಜೈನರ ಕೇರಿಗೆ, ಗುರುದ್ವಾರದ ಕೇರಿಗೆ. ಯಾವುದರ ಮೇಲೂ ಹೆಸರಿಲ್ಲ. ಆರನೆಯದು ಬಾದಶಹರ ಪರವಾಗಿ ಊರಾಳುತ್ತಿದ್ದ ಸುಬೇದಾರರ ಅರಮನೆಯದು; ಊರವರ ಬಾಯಲ್ಲಿ ಅವರೂ ಬಾದಶಹರೇ. ಅದನ್ನು ಉಳಿದ ಐದಕ್ಕಿಂತ ಒಂದು ಬೆರಳು ಮೇಲೆ ಕೊರೆದಿದ್ದಾರೆ.

ಎಂದರೆ, ನೀರು ಇಳಿದಾಗ ಮೊದಲು ಒಣಗುವುದು ಅರಮನೆ.

ಈ ಮಾತನ್ನು ಮೊದಲ ಸಲ ಕೇಳಿದಾಗ ನಾನು ಆ ಕಲ್ಲನ್ನು ಮುಟ್ಟಿ ನೋಡಿದೆ. ಯಾರದೋ ಅಚ್ಚುಕಟ್ಟಾದ ಕೈಗೆಲಸ; ತಪ್ಪಿ ಹಾಗಾದದ್ದಲ್ಲ.

ಬೋಹ್ರಾ ಕೇರಿಯ ಹಕೀಮುದ್ದೀನ್ ಮಾಸ್ತರು ನಲವತ್ತು ವರ್ಷ ಫಾರಸಿ ಕಲಿಸಿದವರು. ಆ ಕಾಲದ ಹುಕುಮಿನ ನಕಲು ಅವರ ಪೆಟ್ಟಿಗೆಯಲ್ಲಿದೆ. ಐದು ಕೇರಿಗೂ ಸಮ ನೀರು. ಕಂಡಿಯ ಮೇಲೆ ಹೆಸರು ಕೂಡದು. ಕಾವಲಿಗೆ ಐದು ಕೇರಿಯವರಲ್ಲಿ ಯಾರೂ ಕೂಡದು, ಬೆಟ್ಟದಿಂದ ಕರೆಸಬೇಕು. ಬರೆದವನು ಕಾಯಸ್ಥ, ಮೊಹರು ಒತ್ತಿದವನು ಇರಾನಿ, ಕಲ್ಲು ಕಡಿದವರು ಗುಜರಾತಿನವರು, ಕಾವಲಿಗೆ ಬಂದವರು ಭಿಲ್ಲರು. ಅದನ್ನು ಓದಿ ಹೇಳುವಾಗ ಮಾಸ್ತರ ದನಿ ತಾನಾಗಿ ತಗ್ಗುತ್ತದೆ. ಆದರೆ ನಾನು ಕೈಮುಗಿಯುವವನಂತೆ ಕಂಡಿರಬೇಕು, ಕನ್ನಡಕದ ಮೇಲಿಂದ ನೋಡಿ ನಕ್ಕರು.

“ಬಾದಶಹರೇನು ಸಂತರಲ್ಲ. ಆ ವಂಶದಲ್ಲೊಬ್ಬ ಜಿಜಿಯಾ ತಲೆಗಂದಾಯ ತೆಗೆದ, ಅವನ ಮರಿಮಗ ಮತ್ತೆ ಹೇರಿದ. ಒಂದು ಗುಡಿಗೆ ಜಮೀನು ಕೊಟ್ಟರು, ಇನ್ನೊಂದನ್ನ ಕೆಡವಿದರು. ಆದರೆ ಈ ಕಲ್ಲು ಕೊರೆಸಿದವನಿಗೆ ಒಂದು ಗೊತ್ತಿತ್ತು. ಹೊರಗಿಂದ ಬಂದು ಇಷ್ಟು ತರದ ಜನರ ಮೇಲೆ ಕೂರಬೇಕಾದರೆ, ಬಾಯಾರಿಕೆಯಲ್ಲಿ ತಾನೇ ಮೊದಲಿಗನಾಗಬೇಕು.”

ಥಾವರಿ ಬಾಯಿ ಈ ಪಾಠವನ್ನು ಓದಿ ಕಲಿತದ್ದಲ್ಲ. ಕೆಲಸಕ್ಕೆ ಬಂದ ಮೊದಲ ವರ್ಷ ಒಂದು ಕಂಡಿಯಲ್ಲಿ ಬೇವಿನ ಬೇರು ಸಿಕ್ಕಿಕೊಂಡಿತ್ತು. ಅದೊಂದಕ್ಕೆ ಬಟ್ಟೆ ತುರುಕಿ ನೀರು ತಡೆದು ಅರ್ಧ ಗಂಟೆ ಕೆಲಸ ಮಾಡಿದರು. ಯಾರ ಕಂಡಿ ಎಂದು ಇವತ್ತಿಗೂ ಹೇಳುವುದಿಲ್ಲ. ಒಂದು ಕೇರಿಯ ನೀರು ನಿಂತಿದೆ, ಇನ್ನೊಂದರದ್ದು ಹರಿಯುತ್ತಿದೆ ಎಂಬ ಸುದ್ದಿ ಅವರಿಗಿಂತ ಮುಂಚೆ ಊರು ಸುತ್ತಿತು. ಮಧ್ಯಾಹ್ನದ ಹೊತ್ತಿಗೆ ತೊಟ್ಟಿಯ ಬಾಗಿಲಲ್ಲಿ ಎರಡು ಕೇರಿಯ ಗಂಡಸರು ಬಡಿಗೆ ಹಿಡಿದು ನಿಂತಿದ್ದರು. ಅಂದಿನಿಂದ ಒಂದನ್ನು ತೊಳೆಯಬೇಕಾದರೂ ಆರನ್ನೂ ಮುಚ್ಚುತ್ತಾರೆ. “ಬೇರು ಕೀಳೋಕೆ ಅರ್ಧ ಗಂಟೆ. ಅವರ ಕೈಯಿಂದ ಬಡಿಗೆ ಇಳಿಸೋಕೆ ಸಂಜೆ ತನಕ,” ಎನ್ನುತ್ತಾರೆ.

ಸಂಬಳವೆಂದರೆ ಐದು ಕೇರಿಯಿಂದ ವರ್ಷಕ್ಕೆ ಇಷ್ಟಿಷ್ಟು ಜೋಳ, ಒಂದೊಂದು ಸೀರೆ. ಅರಮನೆಯ ಪಾಲು? “ಬಾದಶಹ ಬಂದ್ರೆ ಕೇಳ್ತೀನಿ,” ಎಂದು ನಗುತ್ತಾರೆ.

ಬಾದಶಹ ಬರುವಂತಿಲ್ಲ. ಅರಮನೆಯ ಚಾವಣಿ ಬಿದ್ದು ಕಾಲವಾಯಿತು. ಗೋಡೆಗಳ ನಡುವೆ ತಗಡು ಹೊದಿಸಿಕೊಂಡು ಈಗ ನಲವತ್ತು ಮನೆಗಳಿವೆ. ಎಲ್ಲರೂ ಬೆಟ್ಟದಿಂದ ಇಳಿದು ಬಂದ ಭಿಲ್ಲರು, ಥಾವರಿ ಬಾಯಿಯ ನೆಂಟರು. ಮಗಳು ಮಂಗ್ಲಿಯ ಸಂಸಾರವೂ ಅಲ್ಲೇ. ಐದು ಕೇರಿಗೂ ನಲ್ಲಿ ಬಂದಿದೆ. ಅವರಿಗೆ ಈ ನೀರು ಬೇಕಾಗಿರುವುದು ದೇವರ ಕೆಲಸಕ್ಕೆ, ಕುಡಿಯುವ ರುಚಿಗೆ. ಹಾಳು ಗೋಡೆಯ ಮನೆಗಳಿಗೆ ನಲ್ಲಿ ಇಲ್ಲ. ವಾರಕ್ಕೆರಡು ಸಲ ಟ್ಯಾಂಕರು, ಮಿಕ್ಕಂತೆ ಆರನೆಯ ಕಂಡಿಯೇ ಗತಿ.

ಇವತ್ತು ಥಾವರಿ ಬಾಯಿ ಆ ಕಂಡಿಯ ಹೊಸ್ತಿಲ ಮೇಲೆ ಬೆರಳಾಡಿಸುತ್ತಾರೆ. ಬೆರಳಿಗೆ ತೇವ ಹತ್ತುವುದಿಲ್ಲ. ಗೂಡಿನಿಂದ ಹಿತ್ತಾಳೆಯ ಹೂಜಿ ತೆಗೆದು ಸೆರಗಿನಿಂದ ಒರೆಸುತ್ತಾರೆ.

ಇದೂ ಹುಕುಮಿನಲ್ಲಿರುವುದೇ. ಅರಮನೆ ಒಣಗಿದ ದಿನ ಅದರ ಹೂಜಿ ಐದು ಕೇರಿಗೂ ಹೋಗಬೇಕು. ಪ್ರತಿ ಕೇರಿ ಅಷ್ಟಷ್ಟು ನೀರು ಹಾಕಬೇಕು. ಆಳುವವನು ಕೇಳಿ ಕುಡಿಯಬೇಕು. ಬಿಸಿಲಲ್ಲಿ ಅವರ ಹಿಂದೆ ನಡೆದೆ. ಪ್ರತಿ ಕಟ್ಟೆಯಲ್ಲೂ ಅವರು ಹೇಳುವುದು ಒಂದೇ ಮಾತು: “ಅರಮನೆಗೆ ಬಾಯಾರಿಕೆ.” ಮಸೀದಿಯ ಕೊಳದ ಬಳಿ ಅಲ್ಲಿನ ಸೇವೆಯ ಮುದಿ ಖಾದಿಮರು ಎದ್ದು ನಿಂತು ಹಾಕಿದರು. ಘಾಟಿನ ಗುಡಿಯ ಪೂಜಾರಿ, ಬಾದಶಹರು ಈ ಸಲ ಬೇಗ ಬಾಯಾರಿದರಲ್ಲ ಕಾಕಿ, ಉಪ್ಪಿನಕಾಯಿ ಜಾಸ್ತಿ ತಿಂದರೇನು ಎಂದು ತಮಾಷೆ ಮಾಡುತ್ತಲೇ ಬೆಳ್ಳಿ ತಂಬಿಗೆ ತಂದರು. ಗುರುದ್ವಾರದಲ್ಲಿ ಎರಡೂ ಕೈಯಲ್ಲಿ ಸುರಿದರು. ಜೈನರು ಬಟ್ಟೆ ಹಾಸಿ ಸೋಸಿಕೊಟ್ಟರು. ಬೋಹ್ರಾ ಕೇರಿಯಲ್ಲಿ ಮಾಸ್ತರೇ ಮೆಟ್ಟಿಲಿಳಿದು ಬಂದರು. ಐದು ನೀರು ಒಂದೇ ಹೂಜಿಯಲ್ಲಿ ಬೆರೆಯಿತು. ಎಷ್ಟೋ ಪಾರಾಯಣ ಕೇಳಿದ ಕಿವಿ ಇದು. ಅಷ್ಟೇ ಭಕ್ತಿಯಿಂದ ಆ ಸುರಿಯುವ ಸದ್ದು ಕೇಳಿದೆ.

ಹೂಜಿ ಬಂದುಹೋದ ಮೇಲೆ, ಆರನೆಯ ಕಂಡಿ ಮತ್ತೆ ಹರಿಯುವ ತನಕ, ಪ್ರತಿ ಕೇರಿ ದಿನಕ್ಕೊಂದು ತಳ್ಳುಗಾಡಿ ನೀರು ನಲವತ್ತು ಮನೆಗೆ ಕಳಿಸಬೇಕು. ಕಳಿಸುತ್ತಾರೆ. ಒಮ್ಮೊಮ್ಮೆ ತಡವಾಗುತ್ತದೆ. ನಿಮಗೇನು ಬೇಕು ಎಂದು ನಾನು ಕೇಳಿದ್ದಕ್ಕೆ ಥಾವರಿ ಬಾಯಿ ಹೇಳಿದ್ದು ಇಷ್ಟೇ: “ಗಾಡಿಗಳು ಬಿಸಿಲೇರೋ ಮುಂಚೆ ಬಂದ್ರೆ ಸಾಕು.”

ನಾವು ತೊಟ್ಟಿಗೆ ಮರಳಿದಾಗ ಮಂಗ್ಲಿ ಒಳಗೆ ಕೂತಿದ್ದಾಳೆ. ಅಮ್ಮನ ಉಳಿ ಅವಳ ಮಡಿಲಲ್ಲಿದೆ, ಪಕ್ಕದಲ್ಲಿ ಸುತ್ತಿಗೆ.

“ನಮ್ಮ ಕಂಡಿ ಒಂದು ಬೆರಳು ಇಳಿಸಿದ್ರೆ ಸಾಕು ಆಯಿ. ಸುಣ್ಣ ಕೆರೆದಷ್ಟೇ ಸಲೀಸು.”

“ಅದು ಸುಣ್ಣ ಅಲ್ಲ.”

ಹೋದ ವರ್ಷ ಒಂದು ಕೇರಿಯ ಗಾಡಿಯವನು ಡ್ರಮ್ಮು ಇಳಿಸುತ್ತ, ಬಾದಶಹನ ಮೊಮ್ಮಕ್ಕಳಿಗೆ ನೀರು ಬಿಡ್ರೋ ಎಂದು ಕೂಗಿ ನಕ್ಕನಂತೆ. ನಲವತ್ತು ಮನೆಯವರೂ ಕೊಡ ಹಿಡಿದು ಅದನ್ನು ಕೇಳಿಸಿಕೊಂಡು ನಿಂತರಂತೆ. ಮಂಗ್ಲಿ ಕೇರಿಯ ಹೆಸರು ಹೇಳಹೊರಟಾಗ ತಾಯಿ ಕೈಯೆತ್ತಿ ತಡೆಯುತ್ತಾರೆ. ಹೆಸರು ಬೇಡ.

“ಬಾದಶಹನೇ ಬೇಡಿ ಕುಡ್ದ ಮಂಗ್ಲಿ. ನಮಗೇನು ಕಮ್ಮಿ ಆಗ್ತದೆ?”

“ಬಾದಶಹ ಬೇಡಿದ್ರೆ ದೊಡ್ಡತನ. ಕೊಡದಿದ್ರೆ ಅವನಿಗೆ ಕೋಟೆ ಇತ್ತು, ಕುದುರೆ ಇತ್ತು. ನಾವು ಬೇಡಿದ್ರೆ ಅದು ಬರೀ ಬೇಡೋದು ಆಯಿ.”

ಥಾವರಿ ಬಾಯಿ ಹೂಜಿಯನ್ನು ಗೋಡೆಯ ಬುಡದಲ್ಲಿಟ್ಟು, ಮಗಳ ಎದುರು ಕುಕ್ಕರುಗಾಲಲ್ಲಿ ಕೂತು, ಅವಳ ತಲೆಗೂದಲಿಗೆ ಹತ್ತಿದ್ದ ಧೂಳನ್ನು ತೆಗೆಯುತ್ತಾರೆ.

“ನೀನು ಹೇಳಿದ್ದು ಸರಿ ಐತೆ. ಆದ್ರೆ ಇವತ್ತು ನಮ್ಮೋರಿಗೆ ಅಂತ ಒಂದು ಬೆರಳು ಇಳಿಸಿದ್ರೆ, ನಾಳೆ ಐದು ಕೇರಿಯೂ ಉಳಿ ಹಿಡ್ಕೊಂಡು ಬರ್ತದೆ. ಆಮೇಲೆ ಇಲ್ಲಿ ನೀರೂ ಇರಲ್ಲ, ಕಲ್ಲೂ ಇರಲ್ಲ. ಆ ಬಡಿಗೆಗಳನ್ನ ನಾನು ನೋಡಿದೀನಿ.”

ಐದು ಕಂಡಿಗಳಲ್ಲಿ ನೀರು ಸದ್ದಿಲ್ಲದೆ ಹೋಗುತ್ತಿದೆ. ಹೊರಗೆ ಬಿಸಿಲು ಏರಿದೆ. ಗಾಡಿಗಳ ಸದ್ದು ಇನ್ನೂ ಇಲ್ಲ. ಮಂಗ್ಲಿ ಉಳಿಯನ್ನು ಎತ್ತಿ ಕಲ್ಲಿಗೆ ಮೆಲ್ಲನೆ ತಾಗಿಸಿ ಹಿಡಿಯುತ್ತಾಳೆ. ದನಿ ತಗ್ಗಿಸುತ್ತಾಳೆ.

“ನೀನು ಕೊರೀಬೇಡ, ನಾನೇ ಕೊರೀತೀನಿ. ನೀನು ಬಾಗಿಲ ಕಡೆ ತಿರುಗಿ ನಿಂತ್ಕೋ, ಅಷ್ಟು ಸಾಕು. ನೋಡಲಿಲ್ಲ ಅಂದ್ರಾಯ್ತು.”

ಥಾವರಿ ಬಾಯಿ ಎದ್ದು ನಿಲ್ಲುತ್ತಾರೆ. ಮುಖ ಕಲ್ಲಿನ ಕಡೆಗೇ ಇದೆ.

“ತಿರುಗಲ್ಲ,” ಎನ್ನುತ್ತಾರೆ.